ಹೊಕ್ಕುಳ ಢಬ್ಬು

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮ ಮಾವ ಜೇವರ್ಗಿಯ ಮನೆಯ ಪಡಸಾಲೆಯಲ್ಲಿ ಸಿಕ್ಕಾ, ಅಂದರೆ ಹಳೆ ನಾಣ್ಯ, ತೊಳೆಯುವ ಕಾರಖಾನೆ ತೆರೆದರು. ಕಾರಖಾನೆ ಅನ್ನುವ ಹೆಸರು ಅವರೇ ಇಟ್ಟದ್ದು. ಅದರಲ್ಲಿದ್ದದ್ದು ಅಗಲ ಬಾಯಿಯ ಒಂದು ಗಾಜಿನ ಬಾಟಲಿ, ಟ್ರ್ಯಾಕ್ಟರಿನಿಂದ ಇಳಿಸಿದ ಹಳೆ ಬ್ಯಾಟರಿ, ಎರಡು ತುಂಡು ವಾಯರು, ಕುಂಟೆಯಿಂದ ಬಿಚ್ಚಿದ ಸವೆದ ಕಬ್ಬಿಣದ ಚೂರು. ಅಲ್ಲಿಯವರೆಗೆ ಆ ಬ್ಯಾಟರಿಯ ಮೇಲೆ ಟಿ.ವಿ. ನಡೆಯುತ್ತಿತ್ತು. ಈಗ ಟಿ.ವಿ.ಗೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿ, ಮನೆಮಂದಿಯೆಲ್ಲ ಬಾಟಲಿಯನ್ನೇ ನೋಡಬೇಕೆಂದು ಫರ್ಮಾನು ಹೊರಟಿತು.

ಮಾವ ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಓದಿದವರು. ಹೊಲ ಹರಗುವಾಗ, ಮಳೆಗೆ ಮಣ್ಣು ಕೊಚ್ಚಿಹೋದಾಗ ಸುತ್ತಲ ಹಳ್ಳಿಗಳಲ್ಲಿ ಹಳೆ ಸಿಕ್ಕಾಗಳು ಮೇಲೆ ಬರುತ್ತಿದ್ದವು. ಸಿಕ್ಕವರು ಅವನ್ನು ತಂದು ಮಾವನ ಕೈಗೆ ಹಾಕಿ, ಚಹಾ ಕುಡಿಯುತ್ತ, ಏನು ಬರೆದಿದೆ ಓದಿ ಹೇಳಿರಿ ಅನ್ನುವರು. ಓದಬೇಕಾದರೆ ಅಕ್ಷರ ಕಾಣಬೇಕಲ್ಲ. ತಾಮ್ರದ ಮೇಲೆ ಹಸಿರು ಕಿಲುಬು ಹೆಪ್ಪುಗಟ್ಟಿರುತ್ತಿತ್ತು. ಹುಣಸೆಹಣ್ಣು ಆಯಿತು, ಬೂದಿ ಆಯಿತು, ಇಟ್ಟಿಗೆ ಪುಡಿಯೂ ಆಯಿತು. ಉಜ್ಜಿ ಉಜ್ಜಿ ಅಕ್ಷರವೇ ಸವೆಯತೊಡಗಿದಾಗ ಅವರಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೊಸೆಯ, ಅಂದರೆ ನನ್ನ, ನೆನಪಾಯಿತು. ನಿಮ್ಮ ಸೈನ್ಸಿನಲ್ಲಿ ಇದಕ್ಕೇನಾದರೂ ದವಾ ಇದೆಯೇನವ್ವಾ ಎಂದು ಕೇಳಿದರು.

ಇತ್ತು. ನೀರಿಗೆ ಬಟ್ಟೆ ಒಗೆಯುವ ಸೋಡಾ ಕಲಸಿ, ಬ್ಯಾಟರಿಯ ಕಳೆಯುವ ತುದಿಗೆ, ಅಂದರೆ ಮೈನಸ್ಸಿಗೆ, ಸಿಕ್ಕಾ, ಕೂಡುವ ತುದಿಗೆ ಕಬ್ಬಿಣ ಕಟ್ಟಿ, ಒಂದಕ್ಕೊಂದು ತಾಗದಂತೆ ಇಳಿಬಿಡಬೇಕು ಎಂದೆ. ಅವರು ಎಲ್ಲ ಕೇಳಿಸಿಕೊಂಡು ತಿರುಗಾ ಮುರುಗಾ ಕಟ್ಟಿದರು. ಸಂಜೆಗೆ ಬಾಟಲಿಯ ನೀರು ಹಸಿರು ನೀಲಿಯಾಗಿ ಬಲು ಚಂದ ಕಂಡಿತು, ಸಿಕ್ಕಾ ಮಾತ್ರ ಅರ್ಧ ಕರಗಿತ್ತು. ಮಾವ ವಾಯರಿಗೆ ಬೈದರು, ಬ್ಯಾಟರಿಗೆ ಬೈದರು, ಕೊನೆಗೆ ನಿಜಾಮನ ಟಂಕಸಾಲೆಗೂ ನಾಲ್ಕು ಮಾತು ಬೈದರು. ಮರುದಿನ ನಾನೇ ಕಳೆಯುವ ತುದಿಗೆ ಬಿಳಿ ದಾರ ಸುತ್ತಿ ಗುರುತು ಮಾಡಿಕೊಟ್ಟೆ.

ಆ ಪಡಸಾಲೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಊಟದ ಹೊತ್ತಿಗೆ ಅದರಿಂದ ಬಿಸಿಲು ನೆಲಕ್ಕೆ ಇಳಿದು, ಆಮೇಲೆ ಮೆಲ್ಲಗೆ ಸರಿಯುತ್ತ ಗೋಡೆ ಹತ್ತುತ್ತಿತ್ತು. ಮಾವ ಬಾಟಲಿಯನ್ನೂ ಬಿಸಿಲಿನ ಜೊತೆಗೇ ಸರಿಸುತ್ತ ಹೋಗುತ್ತಿದ್ದರು. ಸಿಕ್ಕಾದ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು, ಬಿಸಿಲಿನಲ್ಲಿ ಹೊಳೆದು, ಮೇಲೆ ಬಂದು ಒಡೆಯುತ್ತಿದ್ದವು. ಕಿವಿಗೊಟ್ಟು ಕೇಳಿದರೆ ಅದಕ್ಕೊಂದು ಸಪ್ಪಳವೂ ಇತ್ತು. ಹೊರಗೆ ಬೀದಿಯಲ್ಲಿ ನಾಯಿ ಕೂಡ ಓಡಾಡದ ಬಿಸಿಲು. ನಾನು ಎರಡನೆಯ ಸಲ ಬಸಿರಿ, ಶಾಲೆಗೆ ರಜೆ, ಗೋಡೆಗೊರಗಿ ಕೂತರೆ ಎಚ್ಚರವೋ ನಿದ್ದೆಯೋ ನನಗೇ ತಿಳಿಯುತ್ತಿರಲಿಲ್ಲ. ಬಾಟಲಿಯೊಳಗೆ ಗುಳ್ಳೆ ಏಳುವಾಗ ಹೊಟ್ಟೆಯೊಳಗೆ ಕೂಸು ಹೊರಳುತ್ತಿತ್ತು. ಎರಡೂ ಒಂದೇ ನೀರಿನಲ್ಲಿ ಇವೆಯೇನೋ ಅನ್ನಿಸುತ್ತಿತ್ತು. ಇದು ಸೈನ್ಸ್ ಟೀಚರು ಹೇಳುವ ಮಾತಲ್ಲ, ಆದರೆ ಆ ಬೇಸಿಗೆಯಲ್ಲಿ ನಾನು ಟೀಚರಾಗಿ ಇದ್ದದ್ದು ಕಡಿಮೆ.

ಹಾಗೆಂದು ಸಿಟ್ಟು ಬಿಟ್ಟಿರಲಿಲ್ಲ. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು, ಆಗ ಅದೆಲ್ಲ ಅತ್ತೆಯ ಮೇಲಿತ್ತು. ನನ್ನ ಮೊದಲ ಮಗಳು ಹುಟ್ಟಿದ್ದು ಆಳಂದದ ತವರಿನಲ್ಲಿ. ತೊಟ್ಟಿಲ ಶಾಸ್ತ್ರ ಆಗುವವರೆಗೆ ಅತ್ತೆ ಆ ಕಡೆ ತಲೆಯನ್ನೂ ಹಾಕಲಿಲ್ಲ. ಆಮೇಲೆ ಬಂದರೂ ಬಾಗಿಲಲ್ಲಿ ನಿಂತೇ ನೋಡಿದರು. ಹೆಣ್ಣು ಹುಟ್ಟಿತೆಂದು ಮುಖ ಊದಿಸಿಕೊಂಡಿದ್ದಾರೆ ಎಂದು ನಾನೂ ನಮ್ಮವ್ವನೂ ಮಾತಾಡಿಕೊಂಡೆವು. ಆಮೇಲೆ ಅವ್ವ ತೀರಿಕೊಂಡಳು. ತವರಲ್ಲಿ ಬಾಣಂತನ ಮಾಡುವವರು ಯಾರೂ ಉಳಿಯಲಿಲ್ಲ, ಎರಡನೆಯ ಹೆರಿಗೆ ಜೇವರ್ಗಿಯಲ್ಲೇ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಅತ್ತೆ ಒಂದು ದಿನ, ನಿನಗೆ ದಿನ ತುಂಬುವ ಹೊತ್ತಿಗೆ ನಾನು ಅಫಜಲಪುರಕ್ಕೆ ಮಗಳ ಮನೆಗೆ ಹೋಗುತ್ತೇನೆ, ತೊಟ್ಟಿಲು ಮುಗಿದ ಮೇಲೆ ಬರುತ್ತೇನೆ ಎಂದುಬಿಟ್ಟರು.

ನನ್ನ ಮೈಯೆಲ್ಲ ಉರಿದುಹೋಯಿತು. ಗಂಡನನ್ನು ಕೇಳಿದೆ. ಅವ್ವನಿಗೆ ಅದು ಆಗುವುದಿಲ್ಲ ಎಂದು ಗೊಣಗಿ, ಚಪ್ಪಲಿ ಮೆಟ್ಟಿ ಹೊರಟೇಹೋದರು. ಆದ್ದರಿಂದ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆಯೇ ಹೋಗಿ ನಿಂತು ಕೇಳಿದೆ. ಅವರು ಕೈ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ನಾ ಹುಟ್ಟಿದ ತಾಸಿನ್ಯಾಗ ನಮ್ಮವ್ವನ್ನ ನುಂಗಿದಾಕಿ. ಹಸಿ ಬಾಣಂತಿ ಕ್ವಾಣ್ಯಾಗ ನನ್ನ ನೆಳ್ಳ ಬೀಳಬಾರ್ದು" ಎಂದರು.

ನಾವು ಶರಣರ ದಾರಿಯವರು, ಹೆತ್ತ ಮನೆಗೂ ಸತ್ತ ಮನೆಗೂ ಸೂತಕ ಇಲ್ಲ ಎನ್ನುವವರು. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಈ ಹೆಂಗಸು ತನಗೆ ತಾನೇ ಎಂಥ ಸೂತಕ ಕಟ್ಟಿಕೊಂಡಿದ್ದಾಳೆ ಎಂದು ನನಗೆ ದಿಗಿಲಾಯಿತು. ಆಮೇಲೆ ಮಾವ ಹೇಳಿದರು. ತಾನು ಹೆತ್ತ ಮಕ್ಕಳನ್ನೂ ತೊಟ್ಟಿಲಿಗೆ ಹಾಕುವವರೆಗೆ ಅತ್ತೆ ಎತ್ತಿದವರಲ್ಲವಂತೆ. ಅತ್ತೆಯ ನಾದಿನಿ ಕೂಸನ್ನು ತಂದು ಎದೆಗೆ ಹಿಡಿಯಬೇಕು, ಇವರು ಗೋಡೆಯ ಕಡೆ ಮುಖ ಮಾಡಿ ಹಾಲು ಕುಡಿಸಬೇಕು, ನಾದಿನಿಯೇ ಒಯ್ದು ಮಲಗಿಸಬೇಕು. ಬಸವಳಿದ ಬಾಣಂತಿಗೆ ಯಾರೂ ಬುದ್ಧಿ ಹೇಳಲಿಲ್ಲವೇ ಎಂದೆ. ಹೇಳದೆ ಇದ್ದೆನೇನು, ಕೇಳಬೇಕಲ್ಲ ಎಂದರು ಮಾವ.

ಅತ್ತೆ ಅದನ್ನು ಅಷ್ಟು ಗಟ್ಟಿಯಾಗಿ ನಂಬಲು ಅವರ ಎಲೆ ಅಡಿಕೆಯ ಚಂಚಿಯೊಳಗೆ ಒಂದು ಸಾಕ್ಷಿ ಇತ್ತು. ಅದೇ ಹೊಕ್ಕುಳ ಢಬ್ಬು. ಢಬ್ಬು ಅಂದರೆ ನಿಜಾಮನ ಕಾಲದ ತಾಮ್ರದ ಬಿಲ್ಲೆ. ಅತ್ತೆಯ ತವರು ಭೀಮೆಯ ದಂಡೆಯ ಹಳ್ಳಿ. ಆ ಕಡೆ ಕೂಸು ಹುಟ್ಟಿದಾಗ ಹೊಕ್ಕುಳ ಬಳ್ಳಿಯನ್ನು ಒಂದು ಢಬ್ಬಿನ ಮೇಲಿಟ್ಟು ಕೊಯ್ಯುತ್ತಿದ್ದರು. ಕೊಯ್ದ ಮೇಲೆ ಆ ಢಬ್ಬು ಸೂಲಗಿತ್ತಿಯದು. ತೊಟ್ಟಿಲ ದಿನ ಹಡೆದವಳು ತನ್ನ ಕೈಯಾರೆ ಸೂಲಗಿತ್ತಿಯ ಉಡಿಗೆ ಜೋಳ ಹಾಕಿ ಅದನ್ನು ಮರಳಿ ಪಡೆಯಬೇಕು. ಅಕ್ಕಸಾಲಿ ಪತ್ತಾರನ ಹತ್ತಿರ ತೂತು ಹಾಕಿಸಿ, ಕೂಸಿನ ಉಡದಾರಕ್ಕೆ ತಾನೇ ಕಟ್ಟಬೇಕು. ಅಜ್ಜಿ ಕಟ್ಟುವಂತಿಲ್ಲ, ಸೋದರತ್ತೆ ಕಟ್ಟುವಂತಿಲ್ಲ. ಹಡೆದವಳು ಅಷ್ಟರೊಳಗೆ ಹೋಗಿಬಿಟ್ಟರೆ ಢಬ್ಬು ಸೂಲಗಿತ್ತಿಯ ಹತ್ತಿರವೇ ಉಳಿಯುತ್ತದೆ.

ಅತ್ತೆಯದು ಹಾಗೇ ಉಳಿದಿತ್ತು. ಅವರ ಮದುವೆಯ ದಿನ ಮುದಿ ಸೂಲಗಿತ್ತಿಯೊಬ್ಬಳು ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು, ಮಣ್ಣು ಮೆತ್ತಿ ಕಪ್ಪಾದ ಢಬ್ಬೊಂದನ್ನು ಅಂಗೈಗೆ ಒತ್ತಿ, ಇದು ನಿನ್ನ ಹೊಕ್ಕುಳ ಢಬ್ಬು ಎಂದಷ್ಟೇ ಹೇಳಿ ಹೋದಳಂತೆ. ಮದುಮಗಳಿಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ. ಮಲತಾಯಿ, ಸೋದರತ್ತೆಯರು ಬುದ್ಧಿ ಬಂದಾಗಿನಿಂದ ಹೇಳಿದ್ದೂ ಅದನ್ನೇ. ತಾಯಿಯನ್ನು ನುಂಗಿದವಳೇ, ಊಟಕ್ಕೆ ಬಾ. ತಾಯಿಯನ್ನು ನುಂಗಿದವಳೇ, ಸಗಣಿ ಬಾಚು. ಒಂದು ಮಗುವನ್ನು ಹಾಗೆ ಕೂಗಿ ಬೆಳೆಸಿದವರನ್ನು ನೆನೆದರೆ ಇವತ್ತಿಗೂ ನಾನು ಹಲ್ಲು ಕಡಿಯುತ್ತೇನೆ. ಅತ್ತೆ ಆ ಢಬ್ಬನ್ನು ಬಿಸಾಡಲಿಲ್ಲ, ತೊಳೆಯಲೂ ಇಲ್ಲ. ಸುಣ್ಣ, ಕಾಚು, ಹಸಿ ಎಲೆಗಳ ನಡುವೆ ವರ್ಷಗಟ್ಟಲೆ ಇದ್ದು ಅದೊಂದು ಉಂಡೆಯಾಗಿತ್ತು. ಒಳಗೆ ತಾಮ್ರ ಇದೆ ಎಂದು ಹೇಳಿದರೇ ನಂಬಬೇಕು.

ಮಾವನಿಗೆ ಅದರ ಮೇಲೆ ಬಹಳ ದಿನದ ಕಣ್ಣಿತ್ತು. ಸಿಕ್ಕಾದ ಮೇಲಿನ ಸನ್ನು, ಅಂದರೆ ವರ್ಷ, ಓದಿದರೆ ಹೆಂಡತಿಯ ವಯಸ್ಸು ಹತ್ತಿರ ಹತ್ತಿರ ಗೊತ್ತಾಗುತ್ತದೆ, ಆಕೆ ತನಗಿಂತ ಹಿರಿಯಳೆಂದು ಊರಿಗೆಲ್ಲ ಸಾರುತ್ತೇನೆ ಎಂದು ಕಾಡುತ್ತಿದ್ದರು. ಹಿರಿಯಳಾದರೆ ದಿನಾ ಕಾಲು ಮುಗಿಯುತ್ತೀರೇನು ಎಂದು ಅತ್ತೆ ಚಂಚಿಯ ಬಾಯಿ ಬಿಗಿಯುತ್ತಿದ್ದರು.

ಒಂದು ಮಧ್ಯಾಹ್ನ ಮಾವ ಬಾಟಲಿಯಿಂದ ಒಂದು ಸಿಕ್ಕಾ ತೆಗೆದರು. ಹಿಂದಿನ ದಿನದವರೆಗೆ ಅದು ಹಸಿರು ಹೆಂಟೆ. ಈಗ ಬೇವಿನ ಕಡ್ಡಿಯಿಂದ ಮೆಲ್ಲಗೆ ಉಜ್ಜಿದರೆ ಅಕ್ಷರಗಳು ಒಂದೊಂದಾಗಿ ಏಳುತ್ತಿದ್ದವು. ಅವರು ರಾಗವಾಗಿ ಓದತೊಡಗಿದರು. ಅತ್ತೆ ಹೊಸ್ತಿಲ ಮೇಲೆ ಎಲೆ ಅಡಿಕೆ ಹಾಕಿಕೊಳ್ಳಲು ಕೂತವರು ಎಲೆಗೆ ಸುಣ್ಣ ಹಚ್ಚುವುದನ್ನೇ ಮರೆತು ಬಾಟಲಿ ನೋಡುತ್ತಿದ್ದರು. ನನ್ನನ್ನು ಕೇಳಿದರು, ಇದರಿಂದ ಏನೇನು ಹೋಗುತ್ತದೆ ಎಂದು. ಮೇಲೆ ಹತ್ತಿದ್ದೆಲ್ಲ ಹೋಗುತ್ತದೆ, ಒಳಗಿನ ತಾಮ್ರ ಉಳಿಯುತ್ತದೆ ಎಂದೆ.

"ರಕ್ತ ಹತ್ತಿದ್ದು ಹೋಗ್ತದೇನು?"

ಅವರು ಚಂಚಿಯಿಂದ ಆ ಉಂಡೆ ತೆಗೆದು ನನ್ನ ಮಡಿಲಿಗೆ ಹಾಕಿದರು.

"ಹೋಗೂದಿದ್ರ ಹೋಗ್ಲಿ. ಅದು ಹೋಯ್ತಂದ್ರ ನಾ ಅಫಜಲಪುರಕ್ಕ ಹೋಗೂದ ತಪ್ಪತದೇನೋ."

ಕ್ಲಾಸಿನಲ್ಲಿ ಯಾವ ಹುಡುಗಿಯಾದರೂ ಇಂಥ ಮಾತು ಆಡಿದ್ದರೆ ಕರಿಹಲಗೆಯ ಮುಂದೆ ನಿಲ್ಲಿಸಿ ಕಿವಿ ಹಿಂಡುತ್ತಿದ್ದೆ. ಅಂದು ಹೋಗುತ್ತದ್ರಿ ಎಂದೆ. ಅವರು ಹೋಗಬಾರದು ಅನ್ನುವುದಷ್ಟೇ ನನಗೆ ಬೇಕಾಗಿತ್ತು. ನಮ್ಮವ್ವ ಇಲ್ಲ, ಹೆರುವಾಗ ಹೊರಗೆ ಯಾರಾದರೂ ಒಬ್ಬ ಹೆಂಗಸು ನನ್ನ ಹೆಸರು ಹಿಡಿದು ಕೂತಿರಬೇಕು ಎಂದು ಮನಸ್ಸು ಹಂಬಲಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಬರದೆ ಇಷ್ಟು ದಿನ ಸಿಟ್ಟು ಮಾಡಿದ್ದೆ.

ಆ ಢಬ್ಬಿನ ಕೆಲಸಕ್ಕೆ ಮಾವನಿಗೆ ವಾಯರು ಮುಟ್ಟಲು ಕೊಡಲಿಲ್ಲ. ಹೊಸ ನೀರು, ಹೊಸ ಸೋಡಾ, ಬಿಳಿ ದಾರದ ತುದಿಯನ್ನು ಮತ್ತೆ ಮತ್ತೆ ನೋಡಿ ಕಟ್ಟಿದೆ. ಮೊದಲು ಸುಣ್ಣ ಸಡಿಲಾಯಿತು, ಹಾಲಿನ ಕೆನೆಯ ಹಾಗೆ ಬಿಟ್ಟು ತಳಕ್ಕೆ ಇಳಿಯಿತು. ಆಮೇಲೆ ಕಾಚಿನ ಬಣ್ಣ ಬಿಟ್ಟು ನೀರು ಚಹಾ ಆಯಿತು. ಅದನ್ನು ಚೆಲ್ಲಿ ಮತ್ತೆ ಹೊಸ ನೀರು ಹಾಕಿದೆವು. ಹೀಗೇ ಕೆಲವು ಮಧ್ಯಾಹ್ನಗಳು ಕಳೆದವು. ಅತ್ತೆ ಕೆಲಸ ಮುಗಿಸಿ ಬಂದು ನನ್ನ ಪಕ್ಕ ಗೋಡೆಗೊರಗುತ್ತಿದ್ದರು. ಒಂದು ದಿನ ಅವರನ್ನು, ನಿಮ್ಮವ್ವ ಹೇಗಿದ್ದರು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಕಪ್ಪೋ ಕೆಂಪೋ, ಎತ್ತರವೋ ಗಿಡ್ಡವೋ ಯಾರೂ ಹೇಳಿರಲಿಲ್ಲ. ಕೇಳುವ ಹಕ್ಕು ತನಗಿದೆ ಎಂದು ಇವರಿಗೆ ಅನ್ನಿಸಿರಲೂ ಇಲ್ಲ.

ಗುಳ್ಳೆಗಳನ್ನು ನೋಡುತ್ತ ನನಗೆ ಜೊಂಪು ಹತ್ತುತ್ತಿತ್ತು. ಆ ಜೊಂಪಿನಲ್ಲಿ ಭೀಮೆಯ ದಂಡೆ, ಮಣ್ಣಿನ ಮಾಳಿಗೆಯ ಮನೆ, ಅದರೊಳಗೆ ಬಾಗಿ ಏನನ್ನೋ ಮಾಡುತ್ತಿರುವ ಹೆಂಗಸು ಕಾಣುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ಕಣ್ಣು ಬಿಟ್ಟರೆ ಅತ್ತೆಯೂ ಬಾಯಿ ಅರೆ ತೆರೆದು ನಿದ್ದೆ ಹೋಗಿರುತ್ತಿದ್ದರು. ಮಾವ ಒಬ್ಬರೇ ಕನ್ನಡಕ ಏರಿಸಿ ಬಾಟಲಿ ಕಾಯುತ್ತಿದ್ದರು.

ಕೊನೆಗೊಂದು ದಿನ ಮಾವ ಢಬ್ಬನ್ನು ಹೊರಗೆ ತೆಗೆದು, ಕಡ್ಡಿಯಿಂದ ಉಜ್ಜಿ, ಹಿಂದೆ ಮುಂದೆ ಹೊರಳಿಸಿ, ನಿಟ್ಟುಸಿರು ಬಿಟ್ಟರು. ತಾಮ್ರ ಬಂದಿತ್ತು, ಅಂಚಿನ ಬಳ್ಳಿ ಬಂದಿತ್ತು, ಅಂಕಿ ಇರಬೇಕಾದ ಜಾಗ ಮಾತ್ರ ನುಣ್ಣಗಿತ್ತು. ನಿನ್ನ ವಯಸ್ಸು ನಿನ್ನ ಹತ್ತಿರವೇ ಉಳಿಯಿತು ತಗೋ ಎಂದು ಹೆಂಡತಿಯ ಕೈಗೆ ಕೊಟ್ಟು ಬಾಟಲಿಯ ನೀರು ಚೆಲ್ಲಲು ಎದ್ದರು.

ಅತ್ತೆಗೆ ಕಣ್ಣು ಮಂಜು. ಬೆಳಕಿಂಡಿಯ ಬಿಸಿಲಿಗೆ ಹೋಗಿ ನಿಂತು, ಎಡ ಅಂಗೈಯ ಮೇಲೆ ಢಬ್ಬನ್ನು ಎತ್ತಿ ಹಿಡಿದರು. ಅಂಗೈ ಮೇಲೆ ದುಂಡನೆಯ ನೆರಳು ಬಿತ್ತು. ಆ ನೆರಳಿನ ಅಂಚಿನ ಒಳಗೆ ಒಂದು ಜೋಳದ ಕಾಳಿನಷ್ಟು ಬೆಳಕಿತ್ತು. ಸುಣ್ಣ ಹತ್ತಿದೆ ಎಂದುಕೊಂಡು ಅವರು ಅದನ್ನು ಹೆಬ್ಬೆರಳಿನಿಂದ ಒರೆಸಿದರು. ಬೆಳಕು ಹೆಬ್ಬೆರಳ ಮೇಲೆ ಬಂತು. ಮತ್ತೆ ಒರೆಸಿದರು. ಅದು ಅಲ್ಲೇ ಇತ್ತು.

ನಾನು ಎದ್ದು ಹೋಗಿ ಢಬ್ಬನ್ನು ಇಸಿದುಕೊಂಡೆ. ಅಂಚಿನ ಹತ್ತಿರ ಒಂದು ತೂತು. ಕರೆಂಟು ತಿಂದಿರಬೇಕು ಎಂದರು ಮಾವ, ಮೊದಲ ದಿನದ ಸಿಕ್ಕಾದ ನೆನಪಿನಲ್ಲಿ. ಕರೆಂಟು ತಿಂದರೆ ಹರುಕು ಮುರುಕಾಗಿ ತಿನ್ನುತ್ತದೆ, ಇದು ಪತ್ತಾರನ ಕೈಯ ದುಂಡು ತೂತು. ಒಳಗಿನ್ನೂ ಸ್ವಲ್ಪ ಕಿಲುಬು ಇತ್ತು. ಬೇವಿನ ಕಡ್ಡಿಯ ಮೊನೆಯಿಂದ ಮೀಟಿದೆ. ಕಿಲುಬಿನ ಜೊತೆ ಹಸಿರು ಹತ್ತಿದ ನೂಲಿನ ಒಂದು ಎಳೆ ಹೊರಗೆ ಬಂತು. ಉಡದಾರದ ನೂಲು.

ಮಾವ ಚೆಲ್ಲಬೇಕೆಂದಿದ್ದ ಬಾಟಲಿಯನ್ನು ಕೆಳಗಿಟ್ಟರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಹಂಗಾದ್ರ ತೊಟ್ಟಲ ದಿನದ ತನಕ ಇದ್ದಳು?"

"ಇದ್ರಲ್ರಿ. ಇಲ್ದಿದ್ರ ತೂತ್ಯಾಕ, ನೂಲ್ಯಾಕ? ಹಡದಾಕೀನ ಕಟ್ಟಬೇಕಂತ ನೀವ ಹೇಳೀರಿ."

ಆಮೇಲೆ ನಾವು ಮೂವರೂ ಅದನ್ನು ಬಗೆಬಗೆಯಾಗಿ ಯೋಚಿಸಿದೆವು. ಆ ತಾಯಿ ಮುಂದೆ ಯಾವುದೋ ಜ್ವರಕ್ಕೋ ಬೇನೆಗೋ ಹೋಗಿರಬೇಕು. ಮನೆಗೆ ಬಂದ ಎರಡನೆಯವಳು ಕೂಸಿನ ಹಳೆ ಉಡದಾರ ಹರಿದು ತಿಪ್ಪೆಗೆ ಎಸೆದಿರಬೇಕು. ಸೂಲಗಿತ್ತಿ ಹೆಕ್ಕಿಕೊಂಡು, ಕೊಡುವ ದಿನಕ್ಕಾಗಿ ಕಾದಿರಬೇಕು. ತೂತಿದೆ, ತಾನು ಬೇರೆ ಹೇಳುವುದೇನಿದೆ ಎಂದು ಆಕೆ ತಿಳಿದಿದ್ದಳು. ಮಣ್ಣು ಮೆತ್ತಿ ತೂತು ಮುಚ್ಚಿರುವುದನ್ನು ಆಕೆಯ ಮುದಿಗಣ್ಣೂ ನೋಡಿರಲಿಲ್ಲ, ಮದುಮಗಳ ತುಂಬಿದ ಕಣ್ಣೂ ನೋಡಿರಲಿಲ್ಲ. ಇದೆಲ್ಲ ನಮ್ಮ ಊಹೆ. ಹೌದೆನ್ನಲು ಆ ಕಾಲದವರು ಒಬ್ಬರೂ ಬದುಕಿರಲಿಲ್ಲ.

ಅತ್ತೆಗೆ ಹಗುರಾಗುತ್ತದೆ, ನಗುತ್ತಾರೆ ಎಂದು ನಾನು ಕಾದೆ. ನನ್ನ ಲೆಕ್ಕಾಚಾರ ಆಗಲೇ ಅಫಜಲಪುರದ ಬಸ್ಸು ತಪ್ಪಿಸುವಲ್ಲಿಗೆ ಹೋಗಿತ್ತು. ಅವರು ಇದ್ದಲ್ಲೇ ಕುಸಿದು ಕೂತರು. ಢಬ್ಬನ್ನು ಹೊಟ್ಟೆಗೆ ಒತ್ತಿ ಹಿಡಿದು ಅಳತೊಡಗಿದರು.

"ನನ್ನ ಎತ್ತಿಕೊಂಡಿದ್ದಳು ಬೇ. ಎದಿಗೆ ಹಚ್ಚಿಕೊಂಡಿದ್ದಳು. ನನಗ ಒಂದೀಟೂ ನೆಪ್ಪಿಲ್ಲ ನೋಡು."

ಆಗ ನನಗೆ ತಿಳಿಯಿತು. ಅಷ್ಟು ವರ್ಷ ಅವರಿಗೆ ತಾಯಿ ಅಂದರೆ ತನ್ನ ತಪ್ಪು, ಅಷ್ಟೇ. ತಪ್ಪಿಗಾಗಿ ಯಾರು ಅಳುತ್ತಾರೆ, ತಲೆ ತಗ್ಗಿಸುತ್ತಾರೆ. ಅಂದು ಮೊದಲ ಸಲ ಅವರಿಗೊಬ್ಬ ತಾಯಿ ಸಿಕ್ಕಿದ್ದಳು. ಸಿಕ್ಕ ಗಳಿಗೆಯಲ್ಲೇ ತೀರಿಕೊಂಡಿದ್ದಳು. ಆಳಂದದಲ್ಲಿ ತೀರಿಕೊಂಡ ನಮ್ಮವ್ವನ ಮುಂದೆ ಕೂತು ನಾನು ಅತ್ತ ಅಳುವೇ ಅದು. ನಾನೂ ಅವರ ಪಕ್ಕ ಕೂತು ಅತ್ತುಬಿಟ್ಟೆ, ಯಾರ ತಾಯಿಗಾಗಿ ಎಂದು ಬೇರೆ ಮಾಡಲು ಆಗಲಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಅವತ್ತು ಒಲೆ ಹೊತ್ತಿಸುವುದಿಲ್ಲ, ನೆರೆಯವರೇ ಬುತ್ತಿ ತರುತ್ತಾರೆ. ಸಂಜೆಯಾದರೂ ಅತ್ತೆ ಒಲೆಯ ಕಡೆ ಹೋಗಲಿಲ್ಲ, ನನ್ನನ್ನೂ ಹೋಗಗೊಡಲಿಲ್ಲ. ಮಾವ ರುಮಾಲು ಸುತ್ತಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದರು. ಹೆಂಡತಿಯನ್ನು ಒಂದು ದಿನವಾದರೂ ಕಾಡದೆ ಬಿಟ್ಟವರಲ್ಲ ಅವರು. ಅವರ ದನಿ ನನಗೆ ಒಳಗಿನವರೆಗೆ ಕೇಳಿಸಿತು.

"ನಮ್ಮ ಅತ್ತಿ ತೀರ್ಕೊಂಡಾರ್ರಿ. ಇವತ್ತ ನಮ್ಮಲ್ಲಿ ಒಲಿ ಹಚ್ಚೂದಿಲ್ಲ."

ಆ ಮನೆಯಾಕೆಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಮುಪ್ಪಿನ ಅಳಿಯನಿಗೆ ಈಗ ಎಲ್ಲಿಯ ಅತ್ತೆ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬಿಸಿ ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ ಬಂತು. ಅತ್ತೆ ಎರಡು ತುತ್ತು ತಿಂದರು.

ಮುಂದಿನ ದಿನಗಳಲ್ಲಿ ಅಫಜಲಪುರದ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಅನ್ನಲಿಲ್ಲ. ಊರಿಗೆ ಹೋಗಲೆಂದು ಕಟ್ಟಿದ ಅವರ ಸೀರೆಗಳ ಗಂಟು ಬಿಚ್ಚದೆ ಹಾಗೆಯೇ ಗೂಟಕ್ಕಿತ್ತು. ನಾನು ಅದನ್ನು ದಿನಾ ನೋಡುತ್ತಿದ್ದೆ, ಕೇಳಲು ಹೆದರುತ್ತಿದ್ದೆ. ಕೇಳಿ ಇಲ್ಲದ್ದು ಹುಟ್ಟಿಸುವುದು ಬೇಡ ಎಂದು ಬಾಯಿ ಬಿಗಿಹಿಡಿದೆ. ನನ್ನ ಮಟ್ಟಿಗೆ ಅದೊಂದು ದೊಡ್ಡ ತಪಸ್ಸೇ.

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ವಾಸನೆ ಬಿಡುತ್ತಿದ್ದ ಒಂದು ಬೆಳಿಗ್ಗೆ ನನಗೆ ನೋವು ಶುರುವಾಯಿತು. ಗಂಡ ಜೀಪು ತಂದರು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆ ಜೀಪಿನೊಳಗೆ ಕೂತಿದ್ದರು, ಕೈಯಲ್ಲಿ ಹಳೆ ಸೀರೆಯ ಮೆತ್ತನೆಯ ತುಂಡುಗಳಿದ್ದವು. ದವಾಖಾನೆಯಲ್ಲಿ ಒಳಗಿನ ಕೋಣೆಗೂ ಹೊರಗಿನ ಪಡಸಾಲೆಗೂ ನಡುವೆ ಒಂದು ಪರದೆ ಅಷ್ಟೇ. ನೋವಿನ ನಡುನಡುವೆ, ಹೊರಗಿನಿಂದ ಅವರು ನನ್ನ ಹೆಸರು ಹಿಡಿದು ಏನೇನೋ ಹೇಳುತ್ತಿದ್ದದ್ದು ಕೇಳುತ್ತಿತ್ತು.

ಕೂಸು ಹುಟ್ಟಿತು, ಇದೂ ಹೆಣ್ಣೇ. ನರ್ಸಬಾಯಿ ಅದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಪರದೆ ಸರಿಸಿ, ಯಾರು ತಗೊಳ್ತೀರಿ ಎಂದು ಕೇಳಿದಳು. ಮಾವ ಕೆಮ್ಮಿದರು. ಆಮೇಲೆ ಬಳೆಯ ಸಪ್ಪಳವಾಯಿತು. ಅತ್ತೆ ಮುಂದೆ ಬಂದು ಎರಡೂ ಕೈ ಚಾಚಿದ್ದು ಪರದೆಯ ಸಂದಿನಿಂದ ಕಂಡಿತು. ಕೂಸನ್ನು ತೆಗೆದುಕೊಂಡರು, ಅದರ ತಲೆ ಹಿಂದಕ್ಕೆ ವಾಲಿತು. ನರ್ಸಬಾಯಿ ರೇಗಿದಳು. ಇಷ್ಟು ವಯಸ್ಸಾಗಿದೆ, ಮಕ್ಕಳನ್ನು ಹೆತ್ತವರು, ಹಸಿಗೂಸಿನ ಕುತ್ತಿಗೆ ಹಿಡಿಯಲು ಬರುವುದಿಲ್ಲವೇ ಎಂದಳು.

"ಬರೂದಿಲ್ರಿ ಬಾಯಿ," ಎಂದರು ಅತ್ತೆ. "ತೋರಸ್ರಿ."

ನರ್ಸಬಾಯಿ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಅವರ ಅಂಗೈಯನ್ನು ಬಿಡಿಸಿ ಕೂಸಿನ ತಲೆಯ ಕೆಳಗೆ ಇಟ್ಟಳು.